ಅಕ್ಕನಾಗಮ್ಮತ್ತೆಯ ತೂಕ

ನನ್ನ ಸೋದರತ್ತೆ ಅಕ್ಕನಾಗಮ್ಮ ದಪ್ಪಗಿದ್ದಳು. ಶಿರಾಳಕೊಪ್ಪದ ಬೆಲ್ಲದ ಮಂಡಿ ಮಲ್ಲಿಕಾರ್ಜುನಪ್ಪನ ಹೆಂಡತಿ ದಪ್ಪಗಿರದೆ ಇನ್ನೇನು ಒಣಕಲಾಗಿರಬೇಕಿತ್ತೇ ಎಂದು ಊರು ಸುಮ್ಮನಿತ್ತು. ಆನವಟ್ಟಿಯ ಒಕ್ಕಲು ಮನೆಯಲ್ಲಿ ಹುಟ್ಟಿ, ಗದ್ದೆಯ ಕೆಸರು ತುಳಿದು ಬೆಳೆದ ಮೈ ಅದು. ತಲೆಯ ಮೇಲೊಂದು, ಸೊಂಟದಲ್ಲೊಂದು ತುಂಬಿದ ಕೊಡ ಹೊತ್ತು ಬರುವಾಗಲೂ ದಾರಿಯಲ್ಲಿ ಸಿಕ್ಕವರ ಜೊತೆ ನಿಂತು ಊರ ಸುದ್ದಿಯೆಲ್ಲ ಮಾತಾಡಿ ಬರುತ್ತಿದ್ದಳು. ಮಂಡಿಯ ಹಮಾಲರಿಗೆ ಮಧ್ಯಾಹ್ನದ ರೊಟ್ಟಿ ಬಡಿಯುವುದು ಅವಳ ಕೆಲಸ. ಆ ಸದ್ದು ಎದುರು ಮನೆಯ ನಮಗೆ ಕೇಳುತ್ತಿತ್ತು. ನಾನು ಅದೇ ಬೀದಿಗೆ ಸೊಸೆಯಾಗಿ ಬಂದವಳು, ಹಾಗಾಗಿ ಈ ಕಥೆಯ ಬಹುಪಾಲನ್ನು ಅವಳ ಒಲೆಯ ಮುಂದೆ ಕೂತೇ ಕಂಡಿದ್ದೇನೆ.

ಕನ್ನಡ ರಾಜ್ಯ ಒಂದಾದ ಮರುವರ್ಷ ಅತ್ತೆಯ ಗಂಡನಿಗೆ, ಅಂದರೆ ಮಾವನಿಗೆ, ವಿಷಮಶೀತ ಜ್ವರ ಬಂತು. ಡಾಕ್ಟರು ಕೈಚೆಲ್ಲಿ, ಇನ್ನು ದೇವರು ಇಟ್ಟಹಾಗೆ ಎಂದು ಹೋದರು. ಅತ್ತೆ ಊರ ಹೊರಗಿನ ಮಠದ ಗದ್ದುಗೆಗೆ ಹೋಗಿ, ಗಂಡ ಉಳಿದರೆ ತನ್ನ ತೂಕದ ಬೆಲ್ಲವನ್ನು ದಾಸೋಹಕ್ಕೆ ಕೊಡುತ್ತೇನೆಂದು ಹರಕೆ ಹೊತ್ತು ಬಂದಳು. ಬಂದವಳು ಮನೆಯೊಳಗೆ ಕಾಲಿಡದೆ ನೇರ ಮಂಡಿಗೆ ಹೋಗಿ ಮೂಟೆ ತೂಗುವ ದೊಡ್ಡ ತಕ್ಕಡಿಯಲ್ಲಿ ಕೂತಳು. ಹಮಾಲಿ ಉಜ್ಜಪ್ಪ ಇನ್ನೊಂದು ಕಡೆಗೆ ಬೆಲ್ಲದ ಪೆಂಟೆ ಏರಿಸುತ್ತಾ ಹೋದ. ಬೆಲ್ಲದ ವ್ಯಾಪಾರದ ನಮ್ಮ ಮನೆತನಗಳಲ್ಲಿ ಅದೊಂದು ಕಟ್ಟಳೆ. ಹರಕೆ ಹೊತ್ತ ದಿನವೇ ಬೆಲ್ಲವನ್ನು ತೂಗಿ, ವಿಭೂತಿ ಹಚ್ಚಿ, ಬಿಳಿ ಬಟ್ಟೆ ಮುಚ್ಚಿ ಮಂಡಿಯ ಮೂಲೆಯಲ್ಲಿ ಇಡಬೇಕು. ಯಾವ ರೇಟು ಬಂದರೂ ಅದನ್ನು ಮಾರುವಂತಿಲ್ಲ. ತೀರಿಸುವ ದಿನ ಮಠದಲ್ಲಿ ಮತ್ತೆ ತಕ್ಕಡಿ ಕಟ್ಟಿ ಎಲ್ಲರೆದುರು ತೂಗಬೇಕು. ತೀರಿಸುವಾಗ ತಕ್ಕಡಿಯಲ್ಲಿ ಕೂತವರು ಮುಳ್ಳು ನಡುವೆ ನಿಲ್ಲುವವರೆಗೆ ಇಳಿಯಬಾರದು. ಇಳಿದರೆ ಹರಕೆ ಮುರಿದಂತೆ, ಹೋಗಬೇಕಿದ್ದ ಜ್ವರ ತಿರುಗಿ ಬಂದಂತೆ. ಇದನ್ನು ನೀವು ನಂಬುತ್ತೀರೋ ಇಲ್ಲವೋ, ನನ್ನ ಅತ್ತೆ ನಂಬಿದ್ದಳು.

ಮಾವ ಬದುಕಿದರು. ಗಂಜಿಯಿಂದ ಶುರುವಾಗಿ ಅನ್ನಕ್ಕೆ, ಅನ್ನದಿಂದ ತುಪ್ಪ ಸುರಿದ ರೊಟ್ಟಿಗೆ ಬಂದರು. ಅತ್ತೆ ಹೊತ್ತುಹೊತ್ತಿಗೆ ತಿನ್ನಿಸಿದ್ದಕ್ಕೆ ಅಂಗಿಯ ಗುಂಡಿ ಕೂಡದಷ್ಟು ಹೊಟ್ಟೆಯೂ ಬಂತು. ಹರಕೆಯನ್ನು ಶ್ರಾವಣದಲ್ಲಿ ತೀರಿಸುವುದೆಂದು ಗೊತ್ತಾಯಿತು. ಅಷ್ಟರಲ್ಲಿ ಊರಿಗೆ ಬೆನಕಪ್ಪ ವಕ್ಕರಿಸಿದ.

ಬೆನಕಪ್ಪ ಶಿಕಾರಿಪುರದವನು. ಅಲ್ಲಿನ ಗರಡಿಮನೆಯಲ್ಲಿ ಒಂದು ಕುಸ್ತಿಯನ್ನೂ ಆಡದೆ, ಬರೀ ಎಣ್ಣೆ ಹಚ್ಚಿಕೊಂಡು ಕೂತಿರುತ್ತಿದ್ದನೆಂದು ಉಸ್ತಾದರು ಹೊರಗೆ ಹಾಕಿದ್ದರು. ದಾವಣಗೆರೆಗೆ ಹೋಗಿ ಯಾವುದೋ ಗಿರಣಿಯಲ್ಲಿ ಒಂದಷ್ಟು ದಿನ ಇದ್ದು, ಅಂಚೆಯಲ್ಲಿ ತರಿಸಿಕೊಂಡ ಒಂದು ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ, ಲಂಗೋಟಿಯಲ್ಲಿ ತೋಳು ಉಬ್ಬಿಸಿ ನಿಂತ ಫೋಟೋ ಒಂದನ್ನು ಹಿಡಿದು ವಾಪಸು ಬಂದ. ನಮ್ಮ ಊರಿನ ಬಸ್ ನಿಲ್ಲುವ ಜಾಗದ ಹತ್ತಿರ ಬಾಡಿಗೆ ಹಿಡಿದು ‘ಶರೀರ ಸುಧಾರಣಾ ಮಂದಿರ’ ಎಂದು ಬೋರ್ಡು ಹಾಕಿದ. ಗೋಡೆಯ ಮೇಲೆ ಇಂಗ್ಲಿಷ್ ಪತ್ರಿಕೆಯಿಂದ ಕತ್ತರಿಸಿದ ಇಬ್ಬರು ದೊರೆಸಾನಿಯರ ಚಿತ್ರ. ದಪ್ಪಗಿದ್ದವಳ ಕೆಳಗೆ ‘ಮೊದಲು’, ತೆಳ್ಳಗಿದ್ದವಳ ಕೆಳಗೆ ‘ನಂತರ’. ಮೊದಲಿನವಳ ಗಲ್ಲದ ಮೇಲೆ ಎದ್ದು ಕಾಣುವ ಮಚ್ಚೆಯಿತ್ತು, ನಂತರದವಳಿಗೆ ಇರಲಿಲ್ಲ. ಸಂತೆಗೆ ಬಂದವರೆಲ್ಲ ಅದನ್ನು ಬಾಯಿ ಬಿಟ್ಟುಕೊಂಡು ನೋಡಿದರೇ ಹೊರತು ಇದು ಇನ್ನೊಬ್ಬಳಲ್ಲವೇ ಎಂದು ಒಬ್ಬರೂ ಕೇಳಲಿಲ್ಲ.

ಅಂಥ ಮಂದಿರಕ್ಕೆ ಮಾವ ಅಧ್ಯಕ್ಷರಾದರು. ಬೆನಕಪ್ಪ ಒಂದು ಹಾರ ಹಾಕಿದ್ದೇ ಸಾಕಾಯಿತು. ತಮ್ಮ ಹೊಟ್ಟೆಯ ಮೇಲೆ ಕೈಯಾಡಿಸುತ್ತಾ, ಬೊಜ್ಜು ಮನುಷ್ಯನ ಶತ್ರು ಎಂದು ಮಂಡಿಯ ಗದ್ದಿಗೆಯ ಮೇಲೆ ಕೂತು ಭಾಷಣ ಮಾಡತೊಡಗಿದರು. ಗಂಡಸಿನ ಹೊಟ್ಟೆಗೆ ‘ಕಳೆ’ ಎಂದೂ ಹೆಂಗಸಿನ ಹೊಟ್ಟೆಗೆ ‘ಬೊಜ್ಜು’ ಎಂದೂ ಹೆಸರು ಎನ್ನುವುದು ನನಗೆ ಗೊತ್ತಾಗಿದ್ದು ಆಗಲೇ.

ಒಂದು ಭಾನುವಾರ ಅವನನ್ನು ಮನೆಗೂ ಕರೆತಂದರು. ಅತ್ತೆ ಮೊದಲು ನಕ್ಕಳು.

“ನನ್ ಮೈ ಏನ್ ಮಾಡೇತ್ರಿ ನಿಮಗ? ಹೊತ್ತು ಓಡಾಡೋಳು ನಾನು.”

ಬೆನಕಪ್ಪ ನಗಲಿಲ್ಲ. ಅವನ ಕಸುಬೇ ಅದು, ನಗುವ ಹೆಂಗಸನ್ನು ಹೆದರಿಸುವುದು.

“ನಿಮಗೇನೂ ಆಗಂಗಿಲ್ರೀ ಅಮ್ಮಾರ. ಒಂದಿನ ಕೊಬ್ಬು ಎದಿಗೆ ಹತ್ತತತಿ, ನೀವು ಕುಂತಲ್ಲೇ ಹೋಗಿಬಿಡ್ತೀರಿ, ಅಷ್ಟ. ಆಮ್ಯಾಲೆ ಯಜಮಾನರ ಗತಿ ಏನು? ಈಗಷ್ಟ ಸತ್ತು ಬದುಕ್ಯಾರ. ಅವರಿಗೆ ಪಥ್ಯದ ಅಡಿಗಿ ಮಾಡೋರು ಯಾರದಾರ?”

ಆ ಮಾತಿಗೆ ಅತ್ತೆಯ ಮುಖ ಸಣ್ಣಗಾಯಿತು. ತನ್ನ ಸಾವಿಗೆ ಹೆದರುವ ಪೈಕಿ ಅಲ್ಲ ಅವಳು. ಗಂಡನ ಊಟದ ಮಾತು ಬಂತೆಂದರೆ ಮಾತ್ರ ಅವಳ ಬುದ್ಧಿ ಕೆಲಸ ಮಾಡುತ್ತಿರಲಿಲ್ಲ. ಯಾವ ಪ್ರೀತಿಯಿಂದ ಹರಕೆ ಹೊತ್ತಿದ್ದಳೋ ಅದೇ ಪ್ರೀತಿಯ ಕುತ್ತಿಗೆಗೆ ಆ ಲಫಂಗ ಹಗ್ಗ ಬಿಗಿದ.

ಅವತ್ತಿನಿಂದ ಬೆಳಿಗ್ಗೆ ಲಿಂಗಪೂಜೆ ಮುಗಿದೊಡನೆ ಬೆನಕಪ್ಪನ ಡಬ್ಬಿಯ ಪುಡಿ ಬಿಸಿನೀರಲ್ಲಿ. ಮಧ್ಯಾಹ್ನ ಒಂದು ರೊಟ್ಟಿ, ಅದಕ್ಕೆ ತುಪ್ಪವಿಲ್ಲ. ರಾತ್ರಿ ನಿಂಬೆಹಣ್ಣಿನ ನೀರು. ಹೊಟ್ಟೆಗೆ ಹಳೆಯ ಲಾರಿ ಟ್ಯೂಬು ಕತ್ತರಿಸಿ ಮಾಡಿದ ಪಟ್ಟಿ. ಅದು ಕೊಬ್ಬನ್ನು ಬೆವರು ಮಾಡಿ ಇಳಿಸುತ್ತದಂತೆ. ಇಳಿಸಿದ್ದು ಚರ್ಮವನ್ನು. ಸೊಂಟದ ಸುತ್ತ ಕೆಂಪಗೆ ಬೊಬ್ಬೆ ಎದ್ದವು, ಅತ್ತೆ ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮತ್ತೆ ಪಟ್ಟಿ ಬಿಗಿಯುತ್ತಿದ್ದಳು.

ಪುಡಿಯ ಡಬ್ಬಿಯನ್ನು ನಾನೊಮ್ಮೆ ಮೂಸಿ ನೋಡಿದೆ. ಹುರಿದ ಹುರುಳಿ, ಮೇಲೆ ಒಂದಿಷ್ಟು ಓಮ. ಹುರುಳಿ ಬೆಳೆಯದ ಹೊಲ, ಹುರುಳಿ ಕಟ್ಟಿನ ಸಾರು ಮಾಡದ ಮನೆ ನಮ್ಮ ಸೀಮೆಯಲ್ಲಿ ಇಲ್ಲ.

“ಅತ್ತಿ, ಇದು ಹುರುಳಿ ಹಿಟ್ಟು. ನಿಮ್ಮ ಅಟ್ಟದ ಮ್ಯಾಲೆ ಚೀಲಗಟ್ಲೆ ಬಿದ್ದೈತಿ.”

“ವಾಸನಿ ಹಂಗೇ ಐತಿ ಸರ್ವಮಂಗಳ, ನನಗೂ ಅನ್ನಿಸ್ತು. ಆದ್ರ ಡಬ್ಬಿ ಮ್ಯಾಲೆ ಬ್ಯಾರೆ ಏನೋ ಬರ್ದಾರಲ್ಲ.”

ಅತ್ತೆಯೊಬ್ಬಳನ್ನೇ ಯಾಕೆ ಅನ್ನಲಿ. ಇಡೀ ಪೇಟೆ ತನ್ನ ಹೊಲದ ಹುರುಳಿಯನ್ನು ಸಂತೆಯಲ್ಲಿ ಮಾರಿ, ಅದನ್ನೇ ಡಬ್ಬಿಯಲ್ಲಿ ಕೊಂಡು ತಂದಿತು. ಬಟ್ಟೆ ಅಂಗಡಿಯವರ ಹೆಂಡತಿ, ಎಣ್ಣೆ ಗಾಣದವರ ಸೊಸೆ, ಎಲ್ಲರೂ ಸೆರಗಿನೊಳಗೆ ಟ್ಯೂಬು ಬಿಗಿದುಕೊಂಡು ಓಡಾಡಿದರು. ಕೂತು ಏಳುವಾಗ ಕಿರ್ ಎನ್ನುತ್ತಿತ್ತು. ತಾಳಗುಂದದ ಕಡೆಯಿಂದ ನಾಟಿ ಕೆಲಸಕ್ಕೆ ಬರುತ್ತಿದ್ದ ಮೂಕಮ್ಮ, ಎರಡು ಹೊತ್ತು ಉಂಡರೆ ಹೆಚ್ಚು, ಮೈಯಲ್ಲಿ ಹಿಡಿ ಮಾಂಸವಿಲ್ಲ, ಅವಳೂ ಒಂದು ದಿನ ನನ್ನ ಕಟ್ಟೆಯ ಮೇಲೆ ಕೂತು ಕೇಳಿದಳು: “ಅಮ್ಮಾರೆ, ನಾನೂ ಆ ಪುಡಿ ತಗಬೇಕೇನೋ? ಎಲ್ರೂ ತಗತಾ ಅದಾರೆ.” ಅವಳಿಗೆ ಒಂದು ತಟ್ಟೆ ಅನ್ನ ಬಡಿಸಿ ಕಳಿಸಿದೆ. ಅವಳ ಮೇಲೆ ಸಿಟ್ಟು ಬರಲಿಲ್ಲ, ಆ ಬೋರ್ಡಿಗೆ ಕಲ್ಲು ಹೊಡೆಯಬೇಕೆನಿಸಿತು.

ಪ್ರತಿ ಭಾನುವಾರ ಬೆನಕಪ್ಪ ಅತ್ತೆಯ ಮೈ ‘ಪರೀಕ್ಷೆ’ಗೆ ಬರುತ್ತಿದ್ದ. ಪರೀಕ್ಷೆ ಎಂದರೆ ದೂರದಿಂದ ಒಮ್ಮೆ ನೋಡಿ ಹ್ಞೂಂ ಎನ್ನುವುದು. ಆಮೇಲೆ ಮಾವನೂ ಅವನೂ ಮಣೆ ಹಾಕಿ ಕೂರುವರು. ಹೋಳಿಗೆ, ಅದರ ಮೇಲೆ ಕಾಯಿಸಿದ ತುಪ್ಪ, ಬದನೆಕಾಯಿ ಎಣಗಾಯಿ. ಬರೀ ನೀರು ಕುಡಿದ ಅತ್ತೆ ಬಗ್ಗಿ ಬಗ್ಗಿ ಬಡಿಸಬೇಕು. “ಇನ್ನೊಂದು ಹಾಕ್ರಿ ಅಮ್ಮಾರ, ವ್ಯಾಯಾಮದ ಮೈಗೆ ಬೇಕಾಗ್ತತಿ” ಎಂದು ಆ ನಾಚಿಕೆಗೆಟ್ಟವನು ಎಲೆ ಮುಂದಕ್ಕೆ ತಳ್ಳುತ್ತಿದ್ದ. ಅವನು ಒಂದು ಬಸ್ಕಿ ಹೊಡೆದಿದ್ದನ್ನು ನಾನು ಕಣ್ಣಾರೆ ಕಂಡಿಲ್ಲ.

ಶ್ರಾವಣ ಬಂತು, ಹೋಯಿತು. ಹರಕೆ ತೀರಿಸೋಣವೆಂದರೆ ಮಾವ ಒಪ್ಪಲಿಲ್ಲ.

“ಇನ್ನೊಂದೀಟು ಇಳೀಲಿ ತಡಿ. ನಾಕು ಜನದ ಮುಂದ ತಕ್ಕಡ್ಯಾಗ ಕೂರೋದು. ಅಧ್ಯಕ್ಷರ ಹೆಂಡ್ತಿ ಇಷ್ಟು ತೂಕ ಅದಾಳ ಅಂತ ಆಡ್ಕೊಂಡ್ರ ನನ್ ಮರ್ಯಾದಿ ಏನಾಗ್ತತಿ?”

ಅತ್ತೆಗೆ ಅನ್ನದ ಚಿಂತೆಯ ಜೊತೆಗೆ ಹರಕೆಯ ಚಿಂತೆ ಸೇರಿತು. ಮಾವ ಒಮ್ಮೆ ಕೆಮ್ಮಿದರೂ ಹಣೆ ಮುಟ್ಟಿ ನೋಡುತ್ತಿದ್ದಳು. ರೊಟ್ಟಿ ಬಡಿಯುವ ಸದ್ದು ಇಳಿಯುತ್ತಾ ಬಂದು ಕೊನೆಗೆ ಹಮಾಲರಿಗೆ ಬೇರೆಯವರು ರೊಟ್ಟಿ ಬಡಿಯುವಂತಾಯಿತು. ದಸರೆ ಕಳೆದ ಮೇಲೆ ಒಂದು ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಕೊಡ ಎತ್ತಲು ಹೋಗಿ ಕುಸಿದಳು. ನಾನೇ ಹಿಡಿದು ಕೂರಿಸಿದೆ. ಅವಳ ರಟ್ಟೆ ನನ್ನ ಒಂದು ಹಿಡಿಯೊಳಗೆ ಸಿಕ್ಕಿದ್ದು ಕಂಡು ನನಗೆ ಅಳು ಬಂತು. ಅವಳಿಗೆ ಅಳು ಬಂದದ್ದು ಬೇರೆ ಕಾರಣಕ್ಕೆ.

“ಮಂಗಳಾ, ನಾ ಈಗ ತಕ್ಕಡ್ಯಾಗ ಕುಂತ್ರ ಆ ಬೆಲ್ಲಕ್ಕ ಸಮ ಆಗ್ತೀನೇನ?”

ಕೇಳಿದವಳೇ ಇಲ್ಲವೆಂದು ತಲೆಯಾಡಿಸಿದಳು.

“ಆಗಂಗಿಲ್ಲ. ದೇವರಿಗೆ ಅಂತ ಎತ್ತಿಟ್ಟಿದ್ದು ಅದು. ಅಷ್ಟನ್ನೂ ಒಪ್ಪಿಸಬೇಕಿತ್ತು. ಈಗ ಕಮ್ಮಿ ಬಿದ್ರ ಅವರ ಜೀವದಾಗ ಕಮ್ಮಿ ಬೀಳ್ತತಿ. ನನ್ ಕೈಯಾರ ನಾನೇ ಕಮ್ಮಿ ಮಾಡ್ದೆ.”

ಆ ಹೊತ್ತಿಗೇ ಟ್ಯೂಬು ಬಿಚ್ಚಿ ಬಾವಿಗೆ ಎಸೆದಳು. ಮನೆಗೆ ಹೋಗಿ ಗಂಜಿ ಕುಡಿದಳು. ಆದರೆ ತಿಂಗಳುಗಟ್ಟಲೆ ಇಳಿದ ಮೈ ಒಂದು ಬಟ್ಟಲು ಗಂಜಿಗೆ ಮೇಲೇಳುತ್ತದೆಯೇ? ಮಾವ ಆಗಲೇ ಕಾರ್ತಿಕದ ಮೊದಲ ಸೋಮವಾರಕ್ಕೆ ದಿನ ಗೊತ್ತು ಮಾಡಿದ್ದರು.

ಆ ದಿನ ಮಠದ ಅಂಗಳದ ತುಂಬ ಜನ. ಹರಕೆಗಿಂತ ಹೆಚ್ಚಾಗಿ ಬೆನಕಪ್ಪನ ಪುಡಿಯ ಪವಾಡ ನೋಡಲು ಬಂದವರು. ಅವನು ಶಿಕಾರಿಪುರದಿಂದ ಫೋಟೋದವನನ್ನೂ ಕರೆಸಿದ್ದ. ಗೋಡೆಯ ದೊರೆಸಾನಿಯ ಜಾಗದಲ್ಲಿ ನಮ್ಮ ಅತ್ತೆಯನ್ನು ‘ನಂತರ’ ಎಂದು ನೇತುಹಾಕುವ ಎಣಿಕೆ. ಉಜ್ಜಪ್ಪ ಗಾಡಿಯಿಂದ ಹರಕೆ ಬೆಲ್ಲ ಇಳಿಸಿದ. ಮಠದ ಸ್ವಾಮಿಗಳು ಮಂತ್ರ ಹೇಳಿದರು. ಅತ್ತೆ ಹಲಗೆಯ ಮೇಲೆ ಕೂತಳು, ಇನ್ನೊಂದು ಹಲಗೆಗೆ ಪೆಂಟೆಗಳು ಏರಿದವು. ಮುಳ್ಳು ನಡುವಿಗೆ ಬಂದಾಗ ಗಾಡಿಯ ಬುಡದಲ್ಲಿ ವಿಭೂತಿ ಹಚ್ಚಿದ ಪೆಂಟೆಗಳ ಒಂದು ರಾಶಿ ಹಾಗೇ ಉಳಿದಿತ್ತು.

ಜನ ಚಪ್ಪಾಳೆ ತಟ್ಟಿದರು. ಅದಕ್ಕೂ ತಟ್ಟಿದರು ಅನ್ನುವುದನ್ನು ಮರೆಯಲಾರೆ.

ಮಾವ ಆ ರಾಶಿಯ ಕಡೆ ನೋಡಿದರು. ವ್ಯಾಪಾರಿಯ ಕಣ್ಣು. “ಉಜ್ಜಪ್ಪ, ಅದನ್ನ ಒರೆಸಿ ಗಾಡಿಗೆ ಹಾಕು. ಮಂಡಿಗೆ ಹೋಗ್ಲಿ” ಎಂದರು.

ಅತ್ತೆ ಹಗ್ಗ ಹಿಡಿದು ಕೂತಲ್ಲಿಂದಲೇ ಅದನ್ನು ಕೇಳಿಸಿಕೊಂಡಳು. ಮರ್ಯಾದೆಯ ಮಾತಿನ ಕೆಳಗೆ ಬೆಲ್ಲ ಉಳಿಸುವ ಲೆಕ್ಕವಿತ್ತೆಂದು ಅವಳಿಗೆ ಆಗ ತಿಳಿಯಿತು. ಅವಳ ಮುಖದಲ್ಲಿ ಅಷ್ಟು ಸಿಟ್ಟನ್ನು ನಾನು ಹಿಂದೆ ಕಂಡಿರಲಿಲ್ಲ.

“ಉಜ್ಜಪ್ಪ, ಅವನ್ನೂ ಮ್ಯಾಲೆ ಹಾಕು. ಹರಕಿ ಬೆಲ್ಲ ಮಾರಂಗಿಲ್ಲ.”

ಉಜ್ಜಪ್ಪ ಯಜಮಾನರ ಮುಖ ನೋಡಲಿಲ್ಲ, ಹಾಕಿದ. ಬೆಲ್ಲದ ಹಲಗೆ ನೆಲಕ್ಕೆ ಕೂತು ಅತ್ತೆ ಜನರ ಎದೆಮಟ್ಟಕ್ಕೆ ಏರಿ ತೂಗಾಡಿದಳು.

“ಮುಳ್ಳು ಸರಿದು ಹೋತಲ್ಲವ್ವ” ಎಂದರು ಸ್ವಾಮಿಗಳು.

“ಹೌದ್ರಿ ಅಜ್ಜಾರ. ಹರಕಿ ಹೊತ್ತ ದಿನ ಇದ್ದಷ್ಟು ಮೈ ಇವತ್ತು ನನ್ನ ಹತ್ರ ಇಲ್ಲ. ಅದನ್ನ ಇಳಿಸಿದೋರು ಇಲ್ಲೇ ಅದಾರ. ಯಾರ ಜೀವಕ್ಕ ಹೊತ್ತಿದ್ನೋ ಅವರೇ ಬಂದು ಕೂತು ತುಂಬ್ಲಿ.”

ಮಾವ ಬೆನಕಪ್ಪನ ಕಡೆ ತಿರುಗಿದರು. ಅವನು ಫೋಟೋದವನ ಬೆನ್ನ ಹಿಂದೆ ಸರಿದಿದ್ದ. ಸ್ವಾಮಿಗಳು ಮೆಲ್ಲಗೆ, “ಕೂಡ್ರಿ ಮಲ್ಲಿಕಾರ್ಜುನಪ್ಪ. ಆಯುಷ್ಯ ನಿಮ್ಮದ ಅಲ್ಲೇನು?” ಎಂದರು. ಅಷ್ಟು ಜನರೆದುರು ಒಲ್ಲೆ ಎನ್ನಲಾಗದೆ, ಇಬ್ಬರು ಹಮಾಲರು ಹಲಗೆಯನ್ನು ಜಗ್ಗಿ ಹಿಡಿದಾಗ ಮಾವ ಪಂಚೆ ಎತ್ತಿಕೊಂಡು ಹೆಂಡತಿಯ ಪಕ್ಕ ಕೂತರು. ಹಮಾಲರು ಕೈಬಿಟ್ಟೊಡನೆ ಹಲಗೆ ದಡ್ಡನೆ ನೆಲಕ್ಕೆ ಬಡಿಯಿತು.

ಇನ್ನು ಮುಳ್ಳು ನಡುವಿಗೆ ಬರುವವರೆಗೆ ಇಳಿಯುವಂತಿಲ್ಲ. ಗಾಡಿ ಮಂಡಿಗೆ ಹೋಗಿ ಬಂತು, ಮತ್ತೆ ಹೋಗಿ ಬಂತು. ಅತ್ತೆ ಉಪವಾಸ ಕೂತು ಬೆಳೆಸಿದ್ದ ಮಾವನ ಹೊಟ್ಟೆಗೆ ಸರಿದೂಗುವಷ್ಟು ಒಳ್ಳೆಯ ಹೊಸ ಬೆಲ್ಲ ಬಂದು ಸುರಿಯಿತು. ಮಾವ ಕಣ್ಣು ಮುಚ್ಚಿಕೊಂಡಿದ್ದರು. ಜನ ಅದನ್ನು ಭಕ್ತಿ ಎಂದುಕೊಂಡರು. ಫೋಟೋದವನು ಬಂದದ್ದಕ್ಕೆ ಸುಮ್ಮನಿರಬಾರದೆಂದು ಒಂದು ಪಟ ತೆಗೆದ. ಬೆನಕಪ್ಪ ಸಂಜೆಯ ಬಸ್ಸಿಗೆ ಹೋದವನು, ಹಾನಗಲ್ ಕಡೆ ಎಲ್ಲೋ ಮೈ ತುಂಬಿಸುವ ಪುಡಿ ಮಾರುತ್ತಿದ್ದಾನೆಂದು ಆಮೇಲೆ ಕೇಳಿದೆವು. ಅದೂ ಹುರುಳಿಯೇ ಇರಬೇಕು.

ದಾಸೋಹದ ಪಂಕ್ತಿಯಲ್ಲಿ ಅತ್ತೆ ಹೋಳಿಗೆ ಹಾಕಿಸಿಕೊಂಡಳು, ಮೇಲೆ ತುಪ್ಪವನ್ನೂ. ಪಕ್ಕದಲ್ಲಿ ಮಾವ ಎಲೆ ನೋಡುತ್ತಾ ಕೂತಿದ್ದರು.

“ಉಣ್ರಿ” ಎಂದಳು ಅತ್ತೆ. “ನಿಮಗ ಇನ್ನೊಮ್ಮೆ ಜ್ವರ ಬಂದ್ರೂ ಹೆದರಬ್ಯಾಡ್ರಿ, ಹರಕಿ ಹೊರ್ತೀನಿ. ಆದ್ರ ನನ್ ತೂಕದ್ದಲ್ಲ, ನಿಮ್ಮ ತೂಕದ್ದು.”

ಅತ್ತೆ ಮತ್ತೆ ದಪ್ಪಗಾಗಿ, ರೊಟ್ಟಿಯ ಸದ್ದು ಮತ್ತೆ ನಮ್ಮ ಮನೆಗೆ ಕೇಳುವಂತಾಗಿ ಬಹಳ ವರ್ಷ ಬಾಳಿದಳು. ಮಾವನೂ ಬಾಳಿದರು. ಕೊನೆಯವರೆಗೂ ಎರಡನೇ ಹೋಳಿಗೆಗೆ ಕೈ ಚಾಚುವ ಮುಂಚೆ ಅವರು ಒಮ್ಮೆ ಹೆಂಡತಿಯ ಮುಖ ನೋಡುತ್ತಿದ್ದರು.