ಮಗು ಹಾಲು ಕುಡಿಯುವ ಸದ್ದು

ಮಾದಿಹಳ್ಳಿಯಲ್ಲಿ ನಾನು ಅಣಕಿಸದೆ ಬಿಟ್ಟವರು ಯಾರೂ ಇರಲಿಲ್ಲ. ಬೇಲೂರು ಬಸ್ಸಿನ ಕಂಡಕ್ಟರು ಮೂಗಿನಲ್ಲಿ ಕೂಗುವುದು, ಹಾಲಿನ ಡೇರಿಯವರು ಕ್ಯಾನಿನ ಮುಚ್ಚಳ ತೆಗೆಯುವ ಮೊದಲು ಎರಡು ಸಲ ಕೆಮ್ಮುವುದು, ನಮ್ಮವ್ವ ಎಮ್ಮೆಯನ್ನೂ ನನ್ನನ್ನೂ ಒಂದೇ ರಾಗದಲ್ಲಿ ಬೈಯುವುದು, ಎಲ್ಲವೂ ನನ್ನ ಗಂಟಲಲ್ಲಿದ್ದವು. ನನ್ನನ್ನೇ ನಾನು ಅಣಕಿಸುವುದೂ ಇತ್ತು. ಡಿಗ್ರಿ ಎರಡನೇ ವರ್ಷದಲ್ಲಿ ಎರಡು ಸಬ್ಜೆಕ್ಟಿನಲ್ಲಿ ಡುಮ್ಕಿ ಹೊಡೆದು ಅವ್ವನೆದುರು ಕೈಕಟ್ಟಿ ನಿಂತವನ ಮುಖ ನನಗೆ ಬಹಳ ಚೆನ್ನಾಗಿ ಬರುತ್ತಿತ್ತು. ಅದಕ್ಕೆ ಅಭ್ಯಾಸ ಬೇಕಿರಲಿಲ್ಲ.

ಆ ವರ್ಷ ಅಕ್ಕ ಚೊಚ್ಚಲ ಹೆರಿಗೆಗೆ ಅರಸೀಕೆರೆಯಿಂದ ತವರಿಗೆ ಬಂದಿದ್ದಳು. ಗಂಡು ಮಗು. ಭಾವನವರದು ಕೊಬ್ಬರಿ ವ್ಯಾಪಾರ. ಅವರು ಬಂದು ಮಗುವಿನ ಮುಖ ನೋಡಿ, ಅದು ತಮ್ಮ ಹಾಗೇ ಇದೆ ಎಂದು ತೀರ್ಮಾನಿಸಿ, ಒಂದು ಚೀಲ ತೆಂಗಿನಕಾಯಿ ಇಳಿಸಿ ಹೋದರು. ಅಕ್ಕ ತಲೆಗೆ ಬಟ್ಟೆ ಕಟ್ಟಿಕೊಂಡು, ಸಾಂಬ್ರಾಣಿ ಹೊಗೆಯಲ್ಲಿ ಕಣ್ಣು ಕೆಂಪು ಮಾಡಿಕೊಂಡು ನಡುಮನೆಯ ಪಕ್ಕದ ಕೋಣೆಯಲ್ಲಿದ್ದಳು. ಮಗುವಿಗೆ ಹಾಲು ಕೊಡುವ ಹೊತ್ತಿಗೆ ನನ್ನನ್ನು ಅಲ್ಲಿಂದ ಎಬ್ಬಿಸುತ್ತಿದ್ದರು. ನಾನು ಬಂದು ಕೂರುತ್ತಿದ್ದ ಜಗಲಿಗೂ ಆ ಕೋಣೆಗೂ ನಡುವೆ ಒಂದು ಕಿಟಕಿ. ಕಿಟಕಿಗೆ ಹಳೇ ಸೀರೆಯ ಪರದೆ. ಕಣ್ಣಿಗೆ ಮರೆಯಾಗುತ್ತಿತ್ತು, ಕಿವಿಗೆ ಯಾವ ಅಡ್ಡಿಯೂ ಇರಲಿಲ್ಲ.

ಮೊದಲು ಅಕ್ಕ ಹಲ್ಲು ಕಚ್ಚಿ "ಸ್ಸ್‌ಸ್" ಎಂದು ಉಸಿರೆಳೆದುಕೊಳ್ಳುವಳು. ಆಮೇಲೆ ಮಗು: ಚಪ್, ಚಪ್, ಟಕ್. ಚಪ್, ಚಪ್, ಟಕ್. ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಬಿಟ್ಟರೆ ಬರುತ್ತದಲ್ಲ, ಎತ್ತಿಗೆ ಹೇಳುವ ಸದ್ದು, ಅದೇ. ಎರಡೇ ದಿನದಲ್ಲಿ ಕಲಿತುಬಿಟ್ಟೆ. ಊಟಕ್ಕೆ ಕೂತಾಗ ತಾಯಿ ಮಗ ಇಬ್ಬರನ್ನೂ ಮಾಡಿ ತೋರಿಸಿದೆ. ಅವ್ವ ನಕ್ಕಳು. ಅಕ್ಕನೂ ಒಳಗಿಂದ ನಕ್ಕು, ಥೂ ಕಪಿ ಎಂದಳು. ನಕ್ಕರಲ್ಲ ಎಂದು ಮಾರನೇ ದಿನವೂ ಮಾಡಿದೆ, ಅದರ ಮಾರನೇ ದಿನವೂ ಮಾಡಿದೆ. ಮೂರನೇ ಸಲ ಒಳಗಿಂದ ನಗು ಬರಲಿಲ್ಲ. ಇಣುಕಿದರೆ ಅಕ್ಕ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಬೆನ್ನು ಅಲುಗುತ್ತಿತ್ತು.

ಅವಳಿಗೆ ಮೊಲೆತೊಟ್ಟು ಒಡೆದು ರಕ್ತ ಬರುತ್ತಿದೆ ಎಂಬುದು ಮನೆಯಲ್ಲಿ ನನ್ನೊಬ್ಬನಿಗೆ ಮಾತ್ರ ಗೊತ್ತಿರಲಿಲ್ಲ. ಅವ್ವ ಬೆಣ್ಣೆ ಹಚ್ಚಿದ್ದಳು, ದೃಷ್ಟಿ ತೆಗೆದಿದ್ದಳು, ಚೊಚ್ಚಲಿಗೆ ಎಲ್ಲರಿಗೂ ಹೀಗೇ, ಹಲ್ಲು ಕಚ್ಚಿಕೋ ಎಂದಿದ್ದಳು. ಅಕ್ಕ ಹಲ್ಲು ಕಚ್ಚಿಕೊಂಡಿದ್ದಳು. ನಾನು ಅಣಕಿಸಿದ್ದು ಅದನ್ನೇ.

ಹತ್ತನೇ ದಿನ ಬೆಳಿಗ್ಗೆ ಅವ್ವ ಕೊಟ್ಟಿಗೆಗೆ ಹೋಗಿದ್ದಾಗ ಅಕ್ಕ ನನ್ನನ್ನು ಕರೆದಳು. ಬೇಲೂರಿಗೆ ಹೋಗಿ ಮೆಡಿಕಲ್ ಸ್ಟೋರಿನಿಂದ ಒಂದು ಡಬ್ಬಿ ಹಾಲಿನ ಪುಡಿ ತಾ, ಅವ್ವನಿಗೆ ಹೇಳಬೇಡ ಎಂದಳು. ಭಾವನ ಹಾಗೆ ಗಂಟಲು ಸರಿಮಾಡಿಕೊಂಡು ಏನೋ ತಮಾಷೆ ಮಾಡಲು ಹೊರಟೆ. ಅವಳು ನನ್ನ ಕೈ ಹಿಡಿದುಕೊಂಡಳು.

"ನಂಗೆ ಆಗಕ್ಕಿಲ್ಲ ಕಣೋ. ಅವನು ಎದ್ದು ಬಾಯಿ ಬಿಟ್ರೆ ಸಾಕು, ನಂಗೆ ಎದೆ ನಡುಗ್ತೈತೆ. ಹೆತ್ತ ಮಗೀನ ಕಂಡ್ರೆ ಹೆದ್ರಿಕೊಳ್ಳೋ ತಾಯಿ ಎಲ್ಲಾದ್ರೂ ಇರ್ತಾಳಾ?"

ಚೀಲ ಹಿಡಿದು ಬಸ್ ಸ್ಟ್ಯಾಂಡಿಗೆ ಬಂದೆ.

ಬೇಲೂರಿಗೆ ಹೋಗುವ ಬಸ್ಸು ಬರುವ ಮೊದಲೇ ಹಳೇಬೀಡು ಕಡೆಯ ಬಸ್ಸು ಬಂತು. ಅದರಿಂದ ಲಸಿಕೆ ಡಬ್ಬಿ ಹೆಗಲಿಗೆ ಹಾಕಿಕೊಂಡು ನರ್ಸಮ್ಮ ಇಳಿದರು. ನಮ್ಮ ಕಡೆಯ ಹಳ್ಳಿಗಳಿಗೆಲ್ಲ ಸೂಜಿ ಚುಚ್ಚಲು ಬರುತ್ತಿದ್ದವರು. "ಏನೂ ಆಗಲ್ಲ, ಏನೂ ಆಗಲ್ಲ, ಆಯ್ತು ನೋಡು" ಎಂದು ಅವರು ಚುಚ್ಚುವುದನ್ನು ನಾನು ಅವರೆದುರೇ ಮಾಡಿ ತೋರಿಸಿ ಚಾಕಲೇಟು ಗಿಟ್ಟಿಸಿದ್ದೆ. ಏನು, ಮಿಮಿಕ್ರಿಯವರ ಸವಾರಿ ಎಲ್ಲಿಗೆ ಎಂದು ಕೇಳಿದರು. ಡಬ್ಬಿ ಹಾಲಿಗೆ ಎಂದೆ. ಯಾಕೆ, ಅಕ್ಕನಿಗೆ ಹಾಲಿಲ್ಲವಾ ಎಂದರು.

ಹಾಲಿದೆ. ಆದರೆ ಎಲ್ಲಿ ನೋವು, ಎಲ್ಲಿ ಒಡೆದಿದೆ, ಇದನ್ನೆಲ್ಲ ಇಪ್ಪತ್ತು ವರ್ಷದ ಗಂಡು ಬಸ್ ಸ್ಟ್ಯಾಂಡಿನಲ್ಲಿ, ಬೀಡಿ ಸೇದುತ್ತ ಕೂತ ನಾಲ್ಕು ಜನ ಕೇಳುವಂತೆ, ಒಬ್ಬ ಹೆಂಗಸಿಗೆ ಹೇಳುವುದು ಹೇಗೆ? ಆ ಮಾತು ಬಾಯಿಗೆ ಬರಲೇ ಇಲ್ಲ. ಬಂದದ್ದು ಸದ್ದು. ಅಕ್ಕನ ಹಾಗೆ ಉಸಿರೆಳೆದೆ. ಆಮೇಲೆ ಚಪ್, ಚಪ್, ಟಕ್.

ಬೀಡಿಯವರು ನಕ್ಕರು. ನರ್ಸಮ್ಮ ನಗಲಿಲ್ಲ. ಇನ್ನೊಂದು ಸಲ ಮಾಡು ಎಂದರು. ಮಾಡಿದೆ.

"ಆ ಟಕ್ ಅನ್ನೋದು ನೀನು ಸೇರಿಸಿದ್ದಾ, ಮಗುದಾ?"

ನನಗೆ ಅವಮಾನವಾಯಿತು. ಕಂಡಕ್ಟರಿಗೆ ಇಲ್ಲದ ಉಗ್ಗು ಸೇರಿಸಿದವನು ನಾನೇ, ಒಪ್ಪುತ್ತೇನೆ. ಆದರೆ ಇದರಲ್ಲಿ ಒಂದು ಕಾಳಿನಷ್ಟೂ ಸೇರಿಸಿರಲಿಲ್ಲ. ಮಗುದೇ ಎಂದೆ. ಹಾಗಾದರೆ ಡಬ್ಬಿ ಆಮೇಲೆ, ಮೊದಲು ಮನೆಗೆ ನಡಿ ಎಂದು ಲಸಿಕೆ ಡಬ್ಬಿಯನ್ನು ನನ್ನ ಹೆಗಲಿಗೆ ಹಾಕಿದರು. ದಾರಿಯುದ್ದಕ್ಕೂ ಹೇಳಿದರು: ಚೆನ್ನಾಗಿ ಬಾಯಿ ತುಂಬ ಹಿಡಿದ ಮಗು ಹಾಗೆ ಸದ್ದು ಮಾಡುವುದಿಲ್ಲ, ಹಿಡಿತ ತಪ್ಪಿ ತಪ್ಪಿ ಜಾರುತ್ತಿದ್ದರೆ ಟಕ್ ಅನ್ನುತ್ತದೆ, ತಾಯಿಗೆ ಗಾಯ, ಮಗುವಿಗೆ ಅರೆಹೊಟ್ಟೆ.

ಮನೆಯಲ್ಲಿ ನನ್ನ ಜಾಗ ಮತ್ತೆ ಜಗಲಿಯೇ. ಪರದೆಯ ಆಚೆ ಅವ್ವ ತನ್ನ ಪದ್ಧತಿ ಹೇಳುತ್ತಿದ್ದಳು. ಮಗುವಿನ ಮೂಗು ಮುಚ್ಚಬಾರದೆಂದು ಎದೆಯನ್ನು ಎರಡು ಬೆರಳಲ್ಲಿ ಕತ್ತರಿಯ ಹಾಗೆ ಒತ್ತಿ ಹಿಡಿದು, ತೊಟ್ಟನ್ನು ಬಾಯಿಗೆ ಇಡುವುದು. ನಾನೇ ಇಬ್ಬರನ್ನು ಸಾಕಿಲ್ಲವೇ ಎಂದಳು. ಅದರಲ್ಲಿ ಒಬ್ಬ ಜಗಲಿಯಲ್ಲಿ ಕೂತಿದ್ದಾನೆ ಎಂಬುದು ಅವಳ ವಾದಕ್ಕೆ ಬಲ ಕೊಟ್ಟಿತೋ ಇಲ್ಲವೋ ತಿಳಿಯದು.

ನರ್ಸಮ್ಮ ವಾದಕ್ಕೆ ಇಳಿಯಲಿಲ್ಲ. "ನೀವು ಹೇಳೋದು ಸರಿ ಅಮ್ಮ, ಆದ್ರೆ ಒಂದು ಮಾತು. ಮಾವಿನಕಾಯಿ ತೊಟ್ಟು ಕಚ್ಚಿದ್ರೆ ಏನ್ ಸಿಗುತ್ತೆ? ಸೊನೆ. ಬಾಯಿ ಸುಡುತ್ತೆ, ಹಣ್ಣು ಸಿಕ್ಕಲ್ಲ. ಇವನಿಗೆ ತೊಟ್ಟು ಕೊಡ್ತಾ ಇದೀರಿ. ಮೊಲೆ ಕೊಡಿ."

ಹಂಗಾದ್ರೆ ನೀವೇ ತೋರ್ಸಿ ಎಂದಳು ಅವ್ವ. ನಮ್ಮವ್ವನನ್ನು ಹೀಗೆ ಬಗ್ಗಿಸಿದವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಆಮೇಲೆ ಕೇಳಿದ್ದೆಲ್ಲ ನೆನಪಿದೆ. ಕತ್ತರಿ ಬೆರಳು ತೆಗೆಯಿರಿ. ಬೆನ್ನಿಗೆ ದಿಂಬು ಕೊಡಿ, ಬಾಗಬೇಡಿ. ಮಗುವನ್ನು ಪೂರ್ತಿ ನಿಮ್ಮ ಕಡೆ ತಿರುಗಿಸಿ, ಅದರ ಹೊಟ್ಟೆ ನಿಮ್ಮ ಹೊಟ್ಟೆಗೆ ತಾಗಲಿ. ತೊಟ್ಟಿನಿಂದ ಅದರ ತುಟಿ ಸವರಿ ಕಾಯಿರಿ, ಆಕಳಿಸುವಷ್ಟು ಬಾಯಿ ತೆರೆದಾಗ ಮಗುವನ್ನು ಎದೆಗೆ ತನ್ನಿ, ಎದೆಯನ್ನು ಮಗುವಿನತ್ತ ಎಳೆಯಬೇಡಿ. ಅದರ ಗದ್ದ ಎದೆಗೆ ಒತ್ತಿಕೊಳ್ಳಲಿ, ಸುತ್ತಲ ಕಪ್ಪು ಭಾಗವೂ ಬಾಯೊಳಗೆ ಹೋಗಲಿ.

"ಸ್ಸ್‌ಸ್" ಎಂದಳು ಅಕ್ಕ. ಸಹಿಸಬೇಡಿ, ಬಿಡಿಸಿ ಎಂದರು ನರ್ಸಮ್ಮ. ಎಳೆದು ಬಿಡಿಸಬಾರದಂತೆ, ಬಾಯಿಯ ಮೂಲೆಗೆ ಕಿರುಬೆರಳು ತೂರಿಸಬೇಕಂತೆ. ಎರಡನೇ ಸಲ ಮತ್ತೆ ಟಕ್. ಮತ್ತೆ ಬಿಡಿಸಿದರು. ಮಗು ರೇಗಿ ಕಿರುಚಿತು, ಅಕ್ಕನೂ ಅತ್ತಳು, ಸಾಕು ಬಿಡಿ, ಡಬ್ಬಿಯೇ ತರಲಿ ಎಂದಳು. ನರ್ಸಮ್ಮ ಅದೇ ರಾಗದಲ್ಲಿ, "ಏನೂ ಆಗಲ್ಲ, ಏನೂ ಆಗಲ್ಲ" ಎಂದರು.

ಮೂರನೇ ಸಲ ಯಾವ ಸದ್ದೂ ಬರಲಿಲ್ಲ. ಮಗು ಮಲಗಿಬಿಟ್ಟಿತೇ ಎಂದುಕೊಂಡೆ. ಕಿಟಕಿಗೆ ಕಿವಿ ಹಚ್ಚಿದೆ. ತುಂಬ ಹೊತ್ತಿನ ಮೇಲೆ ಒಂದು ಗುಟುಕು. ಸ್ವಲ್ಪ ಬಿಟ್ಟು ಇನ್ನೊಂದು.

"ನೋವೈತೆ," ಎಂದಳು ಅಕ್ಕ, ನಿಧಾನಕ್ಕೆ. "ಆದ್ರೆ ಹಂಗಿಲ್ಲ."

ಒಂದೇ ದಿನದಲ್ಲಿ ಎಲ್ಲ ಸರಿಹೋಯಿತು ಎಂದರೆ ನಾನು ಸೇರಿಸಿ ಹೇಳಿದಂತಾಗುತ್ತದೆ. ಗಾಯ ಮಾಯಲು ವಾರ ಹಿಡಿಯಿತು. ಕುಡಿಸಿದ ಮೇಲೆ ತನ್ನದೇ ಹಾಲು ಎರಡು ಹನಿ ಹಚ್ಚಿ ಗಾಳಿಗೆ ಆರಲು ಬಿಡಬೇಕು, ಸೋಪು ಮುಟ್ಟಿಸಬಾರದು ಎಂದು ನರ್ಸಮ್ಮ ಹೇಳಿ ಹೋಗಿದ್ದರು. ಎದೆ ಕಲ್ಲಾದರೆ ಸ್ವಲ್ಪ ಹಿಂಡಿ ಮೆತ್ತಗೆ ಮಾಡಿಕೊಂಡು ಆಮೇಲೆ ಕುಡಿಸಿ, ಎಲ್ಲಾದರೂ ಕೆಂಪಾಗಿ ಗಟ್ಟಿಯಾಗಿ ಜ್ವರ ಬಂದರೆ ಕಾಯದೆ ಆಸ್ಪತ್ರೆಗೆ ಬನ್ನಿ ಎಂದಿದ್ದರು. ನಡುವೆ ಒಂದು ದಿನ ಹಿಡಿತ ಮತ್ತೆ ತಪ್ಪಿತು. ನಾನು ಜಗಲಿಯಿಂದಲೇ "ಟಕ್ ಬಂತು ಅಕ್ಕಾ" ಎಂದೆ. ಒಳಗಿಂದ, ನಿನ್ನ ಕಿವಿಗಿಷ್ಟು ಬೆಂಕಿ ಬೀಳ ಎಂಬ ಆಶೀರ್ವಾದ ಬಂತು. ಕೂಡಲೇ ಬಿಡಿಸಿ ಮತ್ತೆ ಹಿಡಿಸಿದಳು.

ಇಪ್ಪತ್ತು ದಿನ ಕಳೆದಿರಬೇಕು. ಮಧ್ಯಾಹ್ನ ಮಗು ನನ್ನ ತೊಡೆಯ ಮೇಲಿತ್ತು. ಕಾಗೆ, ಎಮ್ಮೆ, ಕಂಡಕ್ಟರು ಎಲ್ಲರನ್ನೂ ಮಾಡಿ ತೋರಿಸುತ್ತಿದ್ದೆ. ಅದು ಯಾವುದಕ್ಕೂ ಮರುಳಾಗದೆ ತಲೆಯನ್ನು ಆಚೆಗೀಚೆಗೆ ತಿರುಗಿಸಿ ಬಾಯಿ ಬಿಡತೊಡಗಿತು. ಇನ್ನೂ ಅತ್ತಿರಲಿಲ್ಲ. ಹಿಂದೆಲ್ಲ ಅದು ಅತ್ತು ಅತ್ತು ಕೆಂಪಾದ ಮೇಲೆ ಅವ್ವ ಎತ್ತಿಕೊಂಡು ಹೋಗಿ ಅಕ್ಕನ ಮಗ್ಗುಲಿಗೆ ಇಡಬೇಕಾಗಿತ್ತು. ಈಗ ಅಕ್ಕ ಕೋಣೆಯ ಬಾಗಿಲಿಗೇ ಬಂದು ನಿಂತಿದ್ದಳು, ಎರಡೂ ಕೈ ಮುಂದೆ ಚಾಚಿಕೊಂಡು.

"ನಿನ್ ಆಟ ಆಮೇಲೆ ಆಡೀಯಂತೆ. ಕೊಡೋ ಇಲ್ಲಿ, ಹಸ್ಕಂಡವ್ನೆ ನನ್ ಮಗ."

ಕೊಟ್ಟೆ.