ಸೋತವರ ಮನೆಯ ಸುಸಲಾ

ಸೇಡಂನಿಂದ ನಾನು ಶಹಾಬಾದಿಗೆ ಸೊಸೆಯಾಗಿ ಬಂದ ವರ್ಷವೇ ಲೋಕಸಭೆ ಚುನಾವಣೆ ಬಂತು. ಎಣಿಕೆಯ ದಿನ ಮುಂಜಾನೆ ಅತ್ತೆ ಒಂದು ಚೀಲ ಚುರುಮುರಿ ತಂದಿಟ್ಟು, ಅದನ್ನು ನೆನಸಿ ಒಗ್ಗರಣೆ ಹಾಕುವ ಸುಸಲಾಕ್ಕೆಂದು ಉಳ್ಳಾಗಡ್ಡಿ ಹೆಚ್ಚಲು ಹೇಳಿದರು.

“ಸಂಜಿಗಿ ಗೆದ್ದವರ ಮೆರವಣಿಗಿ ಬರತದವಾ. ಸೋತವರ ಮನ್ಯಾಗ ಸುಸಲಾ ತಿಂದು ಹೋಗೂದು ಈ ಓಣಿ ರಿವಾಜು. ಚುರುಮುರಿ ಮಾತ್ರ ಹಲಗಿ ಸಪ್ಪಳ ಕೇಳಿದ ಮ್ಯಾಲ ನೆನಸು. ಮೊದಲೇ ನೆನಸಿದ್ರ ಮುದ್ದಿ ಆಗತದ.”

“ಎಣಿಕಿ ಇನ್ನಾ ಶುರುನೇ ಆಗಿಲ್ಲಲ್ರೀ ಅತ್ತಿ?”

“ಎಣಸೂದು ಸರ್ಕಾರದವರ ಕೆಲಸ. ಸೋಲೂದು ನಿಮ್ಮ ಮಾವನ ಕೆಲಸ.”

ಮಾವನಿಗೆ ಹಿಂಡಿ, ಹತ್ತಿಕಾಳಿನ ಅಂಗಡಿಯಿತ್ತು. ಪ್ರತಿ ಚುನಾವಣೆಯಲ್ಲೂ ಅವರು ಎಂದೂ ಗೆಲ್ಲದ ಪಕ್ಷದ ಏಜೆಂಟರಾಗಿ ಮತಗಟ್ಟೆಯಲ್ಲಿ ಕೂರುತ್ತಿದ್ದರು. ಎದುರು ಮನೆಯ ಚಾಚಾ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ವ್ಯಾಪಾರಿ. ಅವರು ಯಾವಾಗಲೂ ಗೆಲ್ಲುವ ಪಕ್ಷದ ಏಜೆಂಟರು. ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಒಂದೇ ಕಪ್ಪಿನ ಚಹಾ ಹಂಚಿಕೊಳ್ಳುತ್ತಿದ್ದರು. ನಮ್ಮದು ಅಷ್ಟು ಖಾತ್ರಿಯ ಕ್ಷೇತ್ರ. ಪ್ರಚಾರದ ಜೀಪು ವಾಡಿಯಿಂದ ಬಂದು, ನಮ್ಮ ಓಣಿಯ ತುದಿಯಲ್ಲೇ ತಿರುಗಿ ಹೋಗುತ್ತಿತ್ತು. “ಪಕ್ಕಾ ಸೀಟಿಗೆ ಯಾರ್ರೀ ಪೆಟ್ರೋಲ್ ಸುಡ್ತಾರ?” ಎನ್ನುತ್ತಿದ್ದರು ಚಾಚಾ.

“ಭಾಯಿ, ಈ ಸಲ ನಮ್ಮ ಡಿಪಾಜಿಟ್ ಉಳೀತದೇನು?” ಎಂದು ಮಾವ ಕೇಳುತ್ತಿದ್ದರು.

“ದುವಾ ಮಾಡ್ತೀನ್ರಿ ಸಾವಕಾರ್ರೆ. ಆದ್ರ ಓಟು ಕೇಳಬ್ಯಾಡ್ರಿ.”

ಆ ಎಣಿಕೆಯ ದಿನ ಸಂಜೆ ಗೆದ್ದವರೆಲ್ಲ ನಮ್ಮ ಕಟ್ಟೆಯ ಮೇಲೆ ಕೂತು ಸುಸಲಾ ತಿಂದರು. ಬಡಿಸುವಾಗ ಮಾವನ ಮುಖದಲ್ಲಿ ಬೀಗರನ್ನು ಉಪಚರಿಸುವ ಸಡಗರವಿತ್ತು.

ಕೆಲವು ವರ್ಷಗಳ ನಂತರದ ಚುನಾವಣೆ ಹಾಗಿರಲಿಲ್ಲ. ಜೀಪುಗಳು ಓಣಿಯೊಳಗೇ ಬಂದವು. ಚಿಂಚೋಳಿಯವರೆಗೂ ಅವುಗಳದೇ ಧೂಳು ಎಂದು ಬಸ್ಸಿನಲ್ಲಿ ಬಂದವರು ಹೇಳಿದರು. ಯಾರು ಗೆಲ್ಲುತ್ತಾರೆಂದು ಹೋಟೆಲಿನಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಮಾವ ಒಳಗೆ ಬಂದರೆ ಮಾತು ಸಣ್ಣದಾಗುತ್ತಿತ್ತು.

ಮತದಾನದ ದಿನ ನಾನು ಹೆಂಗಸರ ಸಾಲಿನಲ್ಲಿ ಬಾಗಿಲ ಹತ್ತಿರ ನಿಂತಿದ್ದೆ. ಒಳಗೆ ಚಾಚಾ ಮತ್ತು ಮಾವ ಬೇರೆ ಬೇರೆ ಬೆಂಚಿನ ಮೇಲೆ ಕೂತಿದ್ದರು. ಚಾಚಾನ ಅಣ್ಣ ಚೀಟಿ ಹಿಡಿದು ಮೇಜಿನ ಮುಂದೆ ನಿಂತಾಗ ಮಾವ ಎದ್ದರು. “ಇವರ ಗುರ್ತು ನನಗಿಲ್ಲ” ಎಂದರು. ಬೇರೆಯವರ ಹೆಸರಿನಲ್ಲಿ ಓಟು ಹಾಕಲು ಬಂದಿದ್ದಾರೆ ಎಂಬ ಆಕ್ಷೇಪ ಅದು. ನನ್ನ ಮಗನ ಹೆಸರಿಡುವ ದಿನ ತೊಟ್ಟಿಲು ಹೊತ್ತು ತಂದವರು ಆ ಅಣ್ಣ. ಚಾಚಾ ಏಳಲು ಹೋಗಿ, ಏಳದೆ ಕೂತರು. ಅಧಿಕಾರಿ ವಿಚಾರಿಸಿ ಓಟು ಹಾಕಲು ಬಿಟ್ಟರು. ನನ್ನ ಸರದಿ ಬಂದಾಗ ಎರಡೂ ಬೆಂಚುಗಳ ಕಡೆ ನೋಡದೆ ಶಾಯಿಗೆ ಬೆರಳು ಚಾಚಿದೆ.

ಎಣಿಕೆಯ ದಿನ ಅತ್ತೆ ಚೀಲ ಕೈಗೆತ್ತಿಕೊಂಡರೆ ಮಾವ ತಡೆದರು. “ಚುರುಮುರಿ ತರಬ್ಯಾಡ. ಈ ಸಲ ತಿನ್ನೂದು ನಮ್ಮ ಸರದಿ.”

ಸಂಜೆ ಗುಲ್ಬರ್ಗಾದ ರೈಲಿನಿಂದ ಇಳಿದವರು ಸುದ್ದಿ ತಂದರು. ಮಾವನ ಪಕ್ಷ ಸೋತಿತ್ತು, ಅದೂ ತೀರ ಸ್ವಲ್ಪದರಲ್ಲಿ. ಬೆಟ್ಟದಷ್ಟು ಅಂತರದಲ್ಲಿ ಸೋತಾಗಲೆಲ್ಲ ನಗುತ್ತಿದ್ದ ಮನುಷ್ಯ, ಹಿಡಿಯಷ್ಟರಲ್ಲಿ ಸೋತ ದಿನ ಬಾಗಿಲಿಗೆ ಅಗಳಿ ಹಾಕಿದರು.

ಹಲಗೆಯ ಸದ್ದು ಓಣಿಗೆ ತಿರುಗಿತು. ಈ ಮೆರವಣಿಗೆ ನಮ್ಮ ಮನೆ ದಾಟಿ ಹೋದರೆ ಎರಡು ಮನೆಗಳ ನಂಟು ಇಲ್ಲಿಗೆ ಮುಗಿಯಿತು ಎಂದುಕೊಂಡು ನಾನು ಬಾಗಿಲ ಹಿಂದೆ ನಿಂತಿದ್ದೆ. ಸದ್ದು ನಿಂತಿತು. ಬಾಗಿಲು ಬಡಿದ ಶಬ್ದ.

“ಬಾಗಿಲಾ ತಗೀರಿ ಸಾವಕಾರ್ರೆ. ಗುರ್ತು ಸಿಗವಲ್ದಂದ್ರ ಒಳಗಿಂದೇ ಕೇಳ್ರಿ, ಯಾರಂತ ಹೇಳ್ತೀನಿ.”

ಚಾಚಾನ ದನಿ. ಮಾವ ಅಗಳಿ ತೆಗೆದರು. ಇಬ್ಬರು ಆಳುಗಳು ದೊಡ್ಡ ಹಂಡೆಯೊಂದನ್ನು ಹೊತ್ತು ನಿಂತಿದ್ದರು.

“ನಿಮ್ಮ ಮನ್ಯಾಗ ಒಲಿ ಹತ್ತಿಲ್ಲಂತ ಗೊತ್ತಾತು. ರಿವಾಜು ತಪ್ಪಬಾರದಂತ ಗೆದ್ದ ಸುದ್ದಿ ಬಂದ ಮ್ಯಾಲ ನಮ್ಮಾಕಿ ಗಡಬಡಿಲೆ ಸುಸಲಾ ಮಾಡ್ಯಾಳ.”

ಅತ್ತೆ ಮುಂದೆ ಬಂದು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ನಿಧಾನ ಅಗಿದರು.

“ಭಾಯಿಸಾಬ್, ಇದು ಈಗ ನೆನಸಿದ್ದಲ್ಲ. ಮುಂಜಾನಿದು. ಮುದ್ದಿ ಆಗ್ಯದ.”

ಹಲಗೆಯವರು ಚಾಚಾನ ಮುಖ ನೋಡಿದರು. ಎಣಿಕೆಗೂ ಮೊದಲೇ ಸುಸಲಾಕ್ಕೆ ಕೈಹಚ್ಚುವುದು ಸೋಲುತ್ತೇವೆ ಎಂದು ತಿಳಿದ ಮನೆ ಮಾತ್ರ. ಅದು ಓಣಿಗೆಲ್ಲ ಗೊತ್ತು.

“ಅಂದ್ರ ಭಾಯಿ,” ಎಂದರು ಮಾವ ಮೆಲ್ಲಗೆ, “ಮುಂಜಾನಿಗೇ ಅಂಜಿದ್ರಿ?”

“ಅಂಜದ ಏನ್ ಮಾಡ್ಲಿ? ಉಳ್ಳಾಗಡ್ಡಿ ನಾನೇ ಹೆಚ್ಚೀನಿ. ಕಣ್ಣು ನೋಡ್ರಿ, ಇನ್ನಾ ಕೆಂಪ ಅವ.”

ಮಾವನಿಗೆ ನಗು ಬಂತು. ಮೊದಲು ಭುಜ ಕುಣಿಯಿತು, ಆಮೇಲೆ ದನಿ ಹೊರಟಿತು. ಡಿಪಾಜಿಟ್ ಹೋದ ವರ್ಷಗಳಲ್ಲೂ ಅವರು ಹೀಗೆ ನಕ್ಕಿರಲಿಲ್ಲ. ನಗುತ್ತಲೇ ತಾಟು ತರಲು ನನಗೆ ಕೂಗಿ ಹೇಳಿದರು. ಮೊದಲ ತಾಟನ್ನು ತಾವೇ ತುಂಬಿಕೊಂಡು, ಹಲಗೆಯವರನ್ನು ದಾಟಿ ಗುಂಪಿನ ಹಿಂಬದಿಗೆ ನಡೆದರು. ಅಲ್ಲಿ ಚಾಚಾನ ಅಣ್ಣ ಗೋಡೆಗೆ ಆತು ನಿಂತಿದ್ದರು.

ಮಾವ ತಾಟು ಅವರ ಕೈಗಿತ್ತು, ಮತಗಟ್ಟೆಯಲ್ಲಿ ಹೇಳಿದಷ್ಟೇ ಜೋರಾಗಿ ಹೇಳಿದರು:

“ಇವರ ಗುರ್ತು ನನಗದ.”