ನಾಲ್ಕು ರಾಟೆಗಳ ಜಾಣತನ

ಬಟ್ಟೆ ಒಣಗಿಸಲು ಒಂದು ಹಗ್ಗ, ಎರಡು ಮೊಳೆ ಸಾಕೆಂಬುದು ಲೋಕವೆಲ್ಲ ಒಪ್ಪಿದ ಸತ್ಯವಾದರೂ, ಚಿಕ್ಕಬಳ್ಳಾಪುರದ ನಮ್ಮ ಮನೆಯ ಮಹಡಿಯ ಮೇಲೆ ಆ ಕಾರ್ಯಕ್ಕೆ ನಾಲ್ಕು ರಾಟೆಗಳಿದ್ದವು. ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸಿದ ನಾನು, ಸರಳವಾದದ್ದನ್ನು ಸರಳವಾಗಿಯೇ ಉಳಿಯಗೊಡುವುದು ನನ್ನ ವಿದ್ವತ್ತಿಗೆ ಅವಮಾನವೆಂದು ನಂಬಿದವನು. ಮೊನ್ನೆ ಹೆಂಡತಿಯ ಒದ್ದೆ ಸೀರೆ ಮೇಲೂ ಹೋಗದೆ ಕೆಳಗೂ ಬಾರದೆ ನಡುವೆ ಸಿಕ್ಕಿಕೊಂಡಿತು. ಅದೇ ಹೊತ್ತಿಗೆ ಅನ್ವರ್ ಮೆಟ್ಟಿಲು ಹತ್ತಿ ಬಂದದ್ದು ನನ್ನ ಗ್ರಹಚಾರ.

ಅನ್ವರ್ ಶಿಡ್ಲಘಟ್ಟದವನು, ರೇಷ್ಮೆಗೂಡಿನಿಂದ ನೂಲು ಬಿಚ್ಚುವವನು, ನನ್ನ ಸಹಪಾಠಿ. ಎನ್‌ಸಿಸಿಯ ನೌಕಾ ವಿಭಾಗದಲ್ಲಿ ಹಾಯಿದೋಣಿ ನಡೆಸಲು ಕಲಿತಿದ್ದ ನಾವಿಬ್ಬರೂ, ಬಯಲುಸೀಮೆಯವರಿಗೆ ಸಲ್ಲದ ಆ ಚಟವನ್ನು ನಡುವಯಸ್ಸಿನಲ್ಲಿ ಮತ್ತೆ ಹಚ್ಚಿಕೊಂಡು, ಕ್ಯಾಟಮರಾನ್ ಎಂಬ ಜೋಡಿ ಒಡಲಿನ ಹಳೆಯ ಪಂದ್ಯದ ದೋಣಿಯೊಂದನ್ನು ಕೊಂಡೆವು. ಅದರ ಮುಂದೆ ಸ್ಪಿನೇಕರ್ ಎಂಬ ತೆಳುಬಟ್ಟೆಯ ದೊಡ್ಡ ಹಾಯಿ. ಬೆನ್ನಿಗೆ ಗಾಳಿ ಸಿಕ್ಕಾಗ ಏರಿಸಬೇಕು, ತಿರುವು ಬಂದೊಡನೆ ಇಳಿಸಬೇಕು. ಅನ್ವರನ ಏರ್ಪಾಡಿನಲ್ಲಿ ಏರಿಸಲೊಂದು ಹಗ್ಗ, ಇಳಿಸಲೊಂದು ಹಗ್ಗ, ಅಷ್ಟೇ. ನಾನು ಎರಡನ್ನೂ ಒಂದಾಗಿಸಿ, ಆರು ರಾಟೆಗಳಲ್ಲಿ ಸುತ್ತಿಸಿ, ಶ್ರಮ ಎಷ್ಟು ಉಳಿಯುವುದೆಂದು ಕಾಗದದ ಮೇಲೆ ಸಾಧಿಸಿ ತೋರಿಸಿದೆ.

"ಎಳೆ ಎಷ್ಟು ತೂತಲ್ಲಿ ತೂರುತ್ತೋ ಅಷ್ಟು ಕಡೆ ಸಿಕ್ಕಾಗುತ್ತೆ ಮೇಷ್ಟ್ರೇ. ನಾನು ದಿನಾ ನೋಡ್ತೀನಲ್ಲ," ಎಂದ. ನನ್ನನ್ನು ಅವನು ತಮಾಷೆಗೆ ಹಾಗೆಯೇ ಕರೆಯುವುದು.

"ಇದು ರೇಷ್ಮೆಗೂಡಲ್ಲ ಕಣೋ, ವಿಜ್ಞಾನ," ಎಂದೆ. ಆ ಮಾತು ನೆನಪಾದಾಗಲೆಲ್ಲ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಪಂದ್ಯದ ದಿನ ಜಲಾಶಯದ ನಡುವೆ ಗಾಳಿ ಜೋರಾಯಿತು. ತಿರುವಿನಲ್ಲಿ ಹಾಯಿ ಅರ್ಧಕ್ಕೇ ಇಳಿದು ನಿಂತಿತು. ಚುಕ್ಕಾಣಿ ನನ್ನ ಕೈಯಲ್ಲಿತ್ತು. ಸಿಕ್ಕು ಬಿಡಿಸಲು ಅನ್ವರ್ ಮುಂದಕ್ಕೆ ತೆವಳಿದ. ಹಾಯಿ ಮತ್ತೆ ಗಾಳಿ ತುಂಬಿಕೊಂಡು ಹಗ್ಗವನ್ನು ಸೆಳೆದ ರಭಸಕ್ಕೆ ಅವನ ಬಲಗೈಯ ಎರಡು ಬೆರಳು ರಾಟೆಯೊಳಗೆ ಹೋದವು. ಕರಿಹಲಗೆಯ ಮೇಲೆ ನಾನು ಬರೆಯುತ್ತಿದ್ದ ರಾಟೆಗಳಲ್ಲಿ ಘರ್ಷಣೆಯೂ ಇರುತ್ತಿರಲಿಲ್ಲ, ಬೆರಳೂ ಇರುತ್ತಿರಲಿಲ್ಲ.

ಬೆರಳು ಉಳಿದವು, ಸ್ಪರ್ಶ ಉಳಿಯಲಿಲ್ಲ. ಬಿಸಿನೀರಿನಲ್ಲಿ ತೇಲುವ ಗೂಡಿನ ಮೇಲೆ ಕಂಡೂ ಕಾಣದ ಎಳೆಯ ತುದಿಯನ್ನು ಬೆರಳೇ ಹುಡುಕಬೇಕು, ಓದುಗ ಮಿತ್ರರೇ. ಅದಕ್ಕೆ ನನ್ನ ಪಠ್ಯದಲ್ಲಿ ಸೂತ್ರವಿಲ್ಲ. ಅವನು ಒಂದು ದಿನವೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೊಂದು ವಾದ ಹೂಡಿ ಬಚಾವಾಗುತ್ತಿದ್ದೆ.

ಮೊನ್ನೆ ಅವನು ಬಂದದ್ದು ಸುದ್ದಿ ಹೇಳಲು. "ಎಡಗೈಲಿ ಆಗಲ್ಲಪ್ಪ. ನೂಲು ಬಿಚ್ಚೋ ಮಿಷನ್ನೆಲ್ಲ ದಿಬ್ಬೂರಹಳ್ಳಿಯವರಿಗೆ ಕೊಟ್ಬಿಟ್ಟೆ," ಎಂದ. ಆಮೇಲೆ ತಲೆಯೆತ್ತಿ, ನಡುವೆ ನೇತಾಡುತ್ತಿದ್ದ ಸೀರೆಯನ್ನೂ ನಾಲ್ಕು ರಾಟೆಗಳನ್ನೂ ನೋಡಿದ. "ಇನ್ನೂ ಬಿಟ್ಟಿಲ್ವಾ ಮೇಷ್ಟ್ರೇ?" ದನಿಯಲ್ಲಿ ಕೋಪವಿರಲಿಲ್ಲ.

ಅವನು ಹೋದ ಮೇಲೆ ರಾಟೆಗಳನ್ನು ಕಿತ್ತುಹಾಕಿದೆ. ಈಗ ಒಂದು ಹಗ್ಗ, ಎರಡು ಮೊಳೆ. ಈ ಬೆಳಿಗ್ಗೆ ನಂದಿಯ ಕಡೆಯ ಗಾಳಿಗೆ ಸೀರೆ ಹೊಟ್ಟೆ ಉಬ್ಬಿಸಿಕೊಂಡು ನಿಂತಿತ್ತು. ಹೆಂಡತಿ ಫೋನಿನಲ್ಲಿ ಮಾತಾಡುತ್ತಲೇ ಬಂದು, ಒಂದೇ ಕೈಯಲ್ಲಿ ಅದನ್ನು ಎಳೆದುಕೊಂಡು ಹೋದಳು. ಅನ್ವರನ ಏರ್ಪಾಡಿನಲ್ಲಿ ಸ್ಪಿನೇಕರ್ ಕೂಡ ಹಾಗೆಯೇ ಇಳಿಯುತ್ತಿತ್ತು.